ಆ ಕಡೆಯ ಕೈ

"ನಿಲ್ಲಿಸು, ಒಂದು ನಿಮಿಷ ನಿಲ್ಲಿಸು" ಎಂದು ಅಪ್ಪ ಕೈ ಎತ್ತಿದಾಗ ನಮಗೆಲ್ಲ ಗಾಬರಿಯಾಯಿತು. ಎಪ್ಪತ್ತೆಂಟರ ಜೀವ, ಪರದೇಶ, ವಾರದ ಹಿಂದಷ್ಟೇ ವಿಮಾನ ಇಳಿದವರು. ತಮ್ಮ ತಡಬಡಿಸಿ ರಿಮೋಟ್ ಹುಡುಕಿ ಸಿನಿಮಾ ನಿಲ್ಲಿಸಿದ. ಅಪ್ಪನಿಗೆ ಏನೂ ಆಗಿರಲಿಲ್ಲ. ಸೋಫಾದ ಅಂಚಿಗೆ ಸರಿದು ಕುಳಿತು, ತೆರೆಯ ಮೇಲೆ ಮಾತು ಅರ್ಧಕ್ಕೆ ನಿಂತಿದ್ದ ಹುಡುಗಿಯನ್ನೇ ನೋಡುತ್ತಿದ್ದರು. "ಅವಳು ಈಗ ಹೇಳಿದ್ದನ್ನು ಇನ್ನೊಮ್ಮೆ ಹಾಕು" ಎಂದರು.

'ದಿ ಇಮಿಟೇಶನ್ ಗೇಮ್' ನೋಡಿದವರಿಗೆ ಆ ದೃಶ್ಯ ನೆನಪಿರಬಹುದು. ಎರಡನೆಯ ಮಹಾಯುದ್ಧದ ಕಾಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಜರ್ಮನ್ ಸಂದೇಶಗಳನ್ನು ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳುವುದು ಆ ಹುಡುಗಿಯ ಕೆಲಸ. ಕೆಲಸ ಮುಗಿಸಿ ಬಿಯರ್ ಕುಡಿಯುತ್ತ ಆಕೆ ಹೇಳುತ್ತಾಳೆ: ಆ ಕಡೆ ಕುಳಿತು ಸಂದೇಶ ಕಳಿಸುವ ಜರ್ಮನ್ ಹುಡುಗನೊಬ್ಬನನ್ನು ತಾನು ಬಲ್ಲೆ, ಅವನಿಗೆ ಒಬ್ಬಳು ಗೆಳತಿ ಇರಬೇಕು, ಯಾಕೆಂದರೆ ಅವನ ಪ್ರತಿ ಸಂದೇಶವೂ ಒಂದು ಹೆಣ್ಣಿನ ಹೆಸರಿನ ಅದೇ ಐದು ಅಕ್ಷರಗಳಿಂದ ಶುರುವಾಗುತ್ತದೆ. ಸಿನಿಮಾದಲ್ಲಿ ಈ ಮಾತಿನಿಂದಲೇ, ಜರ್ಮನ್ ಸಂಕೇತಗಳನ್ನು ಒಡೆಯಲು ಹೆಣಗುತ್ತಿದ್ದ ಗಣಿತಜ್ಞ ಅಲನ್ ಟ್ಯೂರಿಂಗ್‌ನ ತಲೆಯಲ್ಲಿ ಮಿಂಚು ಹೊಡೆಯುತ್ತದೆ. ಅಪ್ಪನಿಗೆ ಆ ಮಿಂಚು ಬೇಕಿರಲಿಲ್ಲ. ಅವರಿಗೆ ಬೇಕಾಗಿದ್ದು ಅದಕ್ಕಿಂತ ಹಿಂದಿನ ಮಾತು, ಮುಖ ನೋಡದವನನ್ನು 'ಬಲ್ಲೆ' ಎಂದದ್ದು.

"ಇದು ಸುಳ್ಳಲ್ಲ" ಎಂದರು. "ಇದು ಹೀಗೇ ಇರುತ್ತದೆ."

ಅಪ್ಪ 1968ರಲ್ಲಿ ಅಂಚೆ ತಂತಿ ಇಲಾಖೆ ಸೇರಿದವರು. ಹಲವು ಊರುಗಳ ತಂತಿ ಕಚೇರಿಗಳಲ್ಲಿ ಮೋರ್ಸ್ ಕೀ ಒತ್ತಿ, ಬಂದ ಸಂದೇಶವನ್ನು ಸದ್ದಾಗಿ ಕೇಳಿಸುವ ಸೌಂಡರ್‌ನ ಟಕಟಕ ಕೇಳಿ, ಕಾಗದದ ಮೇಲೆ ಊರವರ ಸಾವು, ಹೆರಿಗೆ, ನೌಕರಿ, ಮದುವೆಗಳನ್ನು ಬರೆದವರು. ಬರಹಕ್ಕೆ ಕೈ ಇದ್ದ ಹಾಗೆ ಮೋರ್ಸ್‌ಗೂ ಒಂದು ಕೈ ಇರುತ್ತದೆ ಎಂದು ನಾವು ಚಿಕ್ಕವರಿದ್ದಾಗ ಹೇಳುತ್ತಿದ್ದರು. ಒಬ್ಬ ಚುಕ್ಕೆಗಳನ್ನು ಅವಸರಿಸುತ್ತಾನೆ, ಇನ್ನೊಬ್ಬ ಪದದ ನಡುವೆ ಉಸಿರು ತೆಗೆದುಕೊಳ್ಳುತ್ತಾನೆ, ಮತ್ತೊಬ್ಬ ಗೆರೆಗಳನ್ನು ಎಳೆಯುತ್ತಾನೆ. ಎರಡು ಪದ ಬರುವಷ್ಟರಲ್ಲಿ ಆ ಕಡೆ ಕುಳಿತವರು ಯಾರೆಂದು ತಿಳಿದುಹೋಗುತ್ತಿತ್ತಂತೆ. ಆ ರಾತ್ರಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನ ತಮ್ಮನ ಮನೆಯಲ್ಲಿ ಟೀಪಾಯಿಯ ಅಂಚಿನ ಮೇಲೆ ತೋರುಬೆರಳು ಮಧ್ಯದ ಬೆರಳು ಸೇರಿಸಿ ಅಪ್ಪ ಹಾಗೊಂದು ಕೈಯನ್ನು ಬಡಿದು ತೋರಿಸಿದರು. ಮೂರು ಚುಕ್ಕೆ. ಬಳಿಕ ಒಂದು ಚುಕ್ಕೆ, ಒಂದು ಗೆರೆ. ಆ ಕೊನೆಯ ಗೆರೆಯನ್ನು ಒಂದು ಕೂದಲಷ್ಟು ಎಳೆದರು. "ಇಂಥದ್ದು" ಎಂದು ಹೇಳಿ ಮತ್ತೆ ಹಿಂದಕ್ಕೆ ಒರಗಿದರು. ತಮ್ಮ ಸಿನಿಮಾ ಮುಂದುವರಿಸಿದ.

ಬ್ಲೆಚ್ಲಿ ಎಂಬ ಊರು ಈಗ ಮಿಲ್ಟನ್ ಕೀನ್ಸ್‌ನ ಒಂದು ಭಾಗ. ತಮ್ಮ ಅಲ್ಲಿಗೆ ಬಂದು ಹನ್ನೊಂದು ವರ್ಷವಾಗಿದ್ದರೂ, ಮನೆಯಿಂದ ಕಾಲು ಗಂಟೆಯ ದಾರಿಯಲ್ಲಿರುವ, ಯುದ್ಧಕಾಲದಲ್ಲಿ ಟ್ಯೂರಿಂಗ್ ಮತ್ತಿತರರು ಜರ್ಮನ್ ಸಂಕೇತಗಳನ್ನು ಒಡೆದ ಬ್ಲೆಚ್ಲಿ ಪಾರ್ಕ್‌ಗೆ ಅಪ್ಪನನ್ನು ಕರೆದುಕೊಂಡು ಹೋಗುವ ಭಾಗ್ಯ ಒದಗಿರಲಿಲ್ಲ. ಕಳೆದ ಜೂನ್‌ನಲ್ಲಿ ನಾನೇ ಅಪ್ಪನನ್ನು ಬೆಂಗಳೂರಿನಿಂದ ಜೊತೆಯಲ್ಲಿ ಕರೆದುಕೊಂಡು ಹೋದೆ. ಶನಿವಾರಕ್ಕೆ ಟಿಕೆಟ್ ಆಗಿತ್ತು. ಶುಕ್ರವಾರ ರಾತ್ರಿ ಎಲ್ಲರೂ ಸೇರಿ ಸಿನಿಮಾ ನೋಡಿಬಿಡೋಣ, ನಾಳೆ ನೋಡುವುದಕ್ಕೆ ಒಂದು ಹಿನ್ನೆಲೆ ಆಗುತ್ತದೆ ಎಂದು ತಮ್ಮ ಹೇಳಿದ.

ನನಗೆ ಅದು ಎರಡನೆಯ ಸಲ. 2015ರ ಜನವರಿಯಲ್ಲಿ ಬೆಂಗಳೂರಿನ ಚಿತ್ರಮಂದಿರದಲ್ಲಿ ಮೊದಲ ಸಲ ನೋಡಿದ್ದೆ. ಆಗ ನಮ್ಮ ದೇಶದಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಮು ಮತ್ತೆ ಜೀವ ಪಡೆದು ಒಂದು ವರ್ಷವಾಗಿತ್ತು. 2013ರ ಡಿಸೆಂಬರ್ 11ರಂದು ನಮ್ಮ ಸುಪ್ರೀಂ ಕೋರ್ಟ್ ದೆಹಲಿ ಹೈಕೋರ್ಟ್‌ನ ತೀರ್ಪನ್ನು ತಳ್ಳಿಹಾಕಿ, ಬ್ರಿಟಿಷರು 1860ರಲ್ಲಿ ಬರೆದಿಟ್ಟ ಆ ಕಲಮನ್ನು ಎತ್ತಿಹಿಡಿಯಿತು. ಅದಾಗಿ ಹದಿಮೂರೇ ದಿನಕ್ಕೆ, ಡಿಸೆಂಬರ್ 24ರಂದು, ಬ್ರಿಟನ್ನಿನ ರಾಣಿ, ಅಂಥದೇ ಕಾನೂನಿನಲ್ಲಿ ಶಿಕ್ಷೆಗೊಳಗಾಗಿದ್ದ ಅಲನ್ ಟ್ಯೂರಿಂಗ್‌ಗೆ ಮರಣೋತ್ತರ ಕ್ಷಮಾದಾನ ಕೊಟ್ಟರು. ಈ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟುಕೊಂಡೇ ನಾನು ಆ ಸಿನಿಮಾ ನೋಡಿದ್ದೆ, ಅತ್ತಿದ್ದೆ, ಹೊರಗೆ ಬಂದು ಸಿಕ್ಕಸಿಕ್ಕವರಿಗೆಲ್ಲ ನೋಡಿ ಎಂದು ಹೇಳಿದ್ದೆ. ಇತಿಹಾಸ ತಿರುಚಿದ್ದಾರೆ ಎಂದವರ ಜೊತೆ, ಸಿನಿಮಾ ಸಿನಿಮಾನೇ, ಪಾಠದ ಪುಸ್ತಕವಲ್ಲ ಎಂದು ಜಗಳವನ್ನೂ ಆಡಿದ್ದೆ.

ಈ ಸಲ ಕೋಣೆಯಲ್ಲಿ ಐದು ಜನ ಇದ್ದೆವು, ಐದು ಅಭಿಪ್ರಾಯಗಳಿದ್ದವು.

ತಮ್ಮನದು ನನ್ನ ಹಳೆಯ ಅಭಿಪ್ರಾಯವೇ. ಬೆನೆಡಿಕ್ಟ್ ಕಂಬರ್‌ಬ್ಯಾಚ್ ಕಣ್ಣೀರಿಡುವ ಕೊನೆಯ ದೃಶ್ಯದಲ್ಲಿ ಅವನೂ ಕನ್ನಡಕ ತೆಗೆದು ಒರೆಸಿಕೊಂಡ. ಅವನು ವೃತ್ತಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಕ. ತನ್ನ ಅನ್ನಕ್ಕೆ ಮೂಲ ಪುರುಷನಾದವನ ಹೆಸರು ಮನೆಮನೆಗೆ ತಲುಪಿದ್ದೇ ಈ ಸಿನಿಮಾದಿಂದ, ಅದಕ್ಕೆ ಎಷ್ಟು ಋಣಿಯಾದರೂ ಸಾಲದು ಎನ್ನುವುದು ಅವನ ವಾದ. ಟೊರಾಂಟೊ ಉತ್ಸವದಲ್ಲಿ ಪ್ರೇಕ್ಷಕರೇ ಮತ ಹಾಕಿ ಕೊಡುವ ಪ್ರಶಸ್ತಿ, ಚಿತ್ರಕಥೆಗೆ ಆಸ್ಕರ್, ಇವೆಲ್ಲ ಸುಮ್ಮನೆ ಬರುತ್ತವೆಯೇ ಎಂದ.

ಅವನ ಹೆಂಡತಿ ಸಂಖ್ಯಾಶಾಸ್ತ್ರ ಓದಿದವಳು, ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಅಂಕಿಅಂಶದ ಕೆಲಸ. ಅವಳಿಗೆ ಸಿಟ್ಟು ಬಂದಿದ್ದು ಟ್ಯೂರಿಂಗ್ ಜೊತೆ ಸಂಕೇತ ಒಡೆಯುತ್ತಿದ್ದ ಜೋನ್ ಕ್ಲಾರ್ಕ್ ವಿಚಾರಕ್ಕೆ. "ಅತ್ತಿಗೆ, ಆ ಹೆಂಗಸು ಕೇಂಬ್ರಿಜ್‌ನಲ್ಲಿ ಗಣಿತ ಓದಿ ಮೊದಲ ದರ್ಜೆ ಪಡೆದವಳು. ಅವಳ ಗುರು ಗಾರ್ಡನ್ ವೆಲ್ಚ್‌ಮನ್ ಅವಳ ಬುದ್ಧಿ ಗೊತ್ತಿದ್ದೇ ಬ್ಲೆಚ್ಲಿಗೆ ಕರೆಸಿಕೊಂಡದ್ದು. ಇವರು ನೋಡಿದರೆ ಪತ್ರಿಕೆಯ ಪದಬಂಧ ಬಿಡಿಸಿ, ತಡವಾಗಿ ಬಂದು, ಬಾಗಿಲಲ್ಲಿ ಅವಮಾನ ಪಟ್ಟು ಒಳಗೆ ಬಂದಳು ಎಂದು ತೋರಿಸುತ್ತಾರೆ" ಎಂದಳು. ಮುಂದೆ ಹೇಳಿದ್ದು ನನಗೆ ಹೊಸದು. ಮಹಿಳೆಗೆ ಸಂಕೇತಭೇದಕರ ದರ್ಜೆಯ ಸಂಬಳ ಕೊಡುವ ದಾರಿ ಇಲಾಖೆಯಲ್ಲಿ ಇರಲಿಲ್ಲವಾದ್ದರಿಂದ ಜೋನ್‌ಗೆ 'ಭಾಷಾತಜ್ಞೆ' ಎಂಬ ಹುದ್ದೆ ಕೊಟ್ಟು ಬಡ್ತಿ ಮಾಡಿದರಂತೆ. ಮುಂದೊಮ್ಮೆ ಒಂದು ನಮೂನೆಯಲ್ಲಿ ಆಕೆ 'ಹುದ್ದೆ: ಭಾಷಾತಜ್ಞೆ, ಬಲ್ಲ ಭಾಷೆಗಳು: ಯಾವುದೂ ಇಲ್ಲ' ಎಂದು ತುಂಬಿದ್ದಳಂತೆ. "ಇದೊಂದನ್ನು ತೋರಿಸಿದ್ದರೆ ಸಾಕಿತ್ತು, ಇಡೀ ಕಾಲ ಕಣ್ಣಿಗೆ ಕಟ್ಟುತ್ತಿತ್ತು" ಎಂದು ಅವಳು ಹೇಳಿದ ಮಾತು ನನಗೆ ಸರಿ ಎನಿಸಿತು. 1944ರಲ್ಲಿ ಜೋನ್, ಜರ್ಮನ್ ನೌಕಾಪಡೆಯ ಸಂಕೇತಗಳನ್ನು ಒಡೆಯುತ್ತಿದ್ದ, ಮರದ ಶೆಡ್ಡಿನಲ್ಲಿದ್ದ ಎಂಟನೆಯ ಹಟ್‌ನ ಉಪಮುಖ್ಯಸ್ಥೆಯಾದಳು. ಸಿನಿಮಾ ಅಲ್ಲಿಯವರೆಗೂ ಹೋಗುವುದಿಲ್ಲ.

ಹದಿನೈದರ ಸೊಸೆಮಗಳಿಗೆ, ಅಂದರೆ ತಮ್ಮನ ಮಗಳಿಗೆ, ಬೇರೆಯೇ ದೂರುಗಳಿದ್ದವು. ಅವಳ ತರಗತಿಯಲ್ಲಿ ಪೋಲೆಂಡಿನ ಮೂಲದ ಗೆಳತಿ ಇದ್ದಾಳೆ. ಆ ಹುಡುಗಿಯ ಮನೆಯಲ್ಲಿ ಈ ಸಿನಿಮಾದ ಹೆಸರು ಎತ್ತುವ ಹಾಗಿಲ್ಲವಂತೆ. ಯಾಕೆಂದರೆ ಜರ್ಮನ್ನರು ತಮ್ಮ ಸಂದೇಶಗಳನ್ನು ಗುಪ್ತಲಿಪಿಗೆ ತಿರುಗಿಸಲು ಬಳಸುತ್ತಿದ್ದ ಎನಿಗ್ಮಾ ಯಂತ್ರದ ಗುಟ್ಟನ್ನು ಮೊದಲು ಒಡೆದವರು ಪೋಲೆಂಡಿನ ಮೂವರು ಗಣಿತಜ್ಞರು, ಮರಿಯನ್ ರೆಯೆಫ್ಸ್ಕಿ, ಯೆಜಿ ರುಝಿಟ್ಸ್ಕಿ, ಹೆನ್ರಿಕ್ ಝಿಗಾಲ್ಸ್ಕಿ. ರೆಯೆಫ್ಸ್ಕಿ 1932ರ ಕೊನೆಯಲ್ಲೇ ಅದನ್ನು ಸಾಧಿಸಿದ್ದರು. ಯುದ್ಧ ಶುರುವಾಗುವ ಐದು ವಾರ ಮುಂಚೆ, 1939ರ ಜುಲೈನಲ್ಲಿ, ವಾರ್ಸಾ ಬಳಿಯ ಕಾಡಿನಲ್ಲಿ ಬ್ರಿಟಿಷರನ್ನೂ ಫ್ರೆಂಚರನ್ನೂ ಕರೆದು ತಾವು ಕಲಿತದ್ದೆಲ್ಲವನ್ನೂ ಅವರ ಕೈಗಿಟ್ಟರು. ಇಷ್ಟೆಲ್ಲಕ್ಕೆ ಸಿನಿಮಾದಲ್ಲಿ ಸಿಗುವುದು ಯಂತ್ರವೊಂದನ್ನು ಪೋಲೆಂಡಿನ ಗೂಢಚಾರರು ಸಾಗಿಸಿ ತಂದರು ಎಂಬ ಹಾರಿಕೆಯ ಮಾತು.

"ಅಷ್ಟೇ ಅಲ್ಲ ಅತ್ತೆ" ಎಂದು ಅವಳು ಎದ್ದು ನಿಂತಳು. "ಟ್ಯೂರಿಂಗ್ ಒಬ್ಬನೇ ಚರ್ಚಿಲ್‌ಗೆ ಪತ್ರ ಬರೆದು, ತಾನೇ ಮುಖ್ಯಸ್ಥನಾಗಿಬಿಟ್ಟ ಎಂದು ತೋರಿಸುತ್ತಾರೆ. ನಿಜವಾಗಿ 1941ರ ಅಕ್ಟೋಬರ್‌ನಲ್ಲಿ ನಾಲ್ಕು ಜನ ಸಹಿ ಹಾಕಿ ಬರೆದ ಪತ್ರ ಅದು. ಅಧಿಕಾರ ಬೇಕೆಂದಲ್ಲ, ಕೆಲಸಕ್ಕೆ ಜನ ಸಾಲುತ್ತಿಲ್ಲ ಎಂದು ಕೇಳಿದ್ದು. ಮತ್ತೆ, ಅವನಿಗೆ ತಮಾಷೆಯೇ ಅರ್ಥವಾಗುವುದಿಲ್ಲ, ಗೆಳೆಯರೇ ಇಲ್ಲ ಎನ್ನುವ ಹಾಗೆ ಯಾಕೆ ಮಾಡಿದರು? ಎಲ್ಲರೂ ಅವನನ್ನು 'ಪ್ರೊಫ್' ಎಂದು ಪ್ರೀತಿಯಿಂದ ಕರೆಯುತ್ತಿದ್ದರು."

ಬುದ್ಧಿವಂತನಾದವನು ಒಂಟಿಯಾಗಿರಬೇಕು, ಒರಟಾಗಿರಬೇಕು, ಸುತ್ತಲಿನವರೆಲ್ಲ ಅವನಿಗೆ ಅಡ್ಡಗಾಲಾಗಿರಬೇಕು ಎಂಬುದು ಸಿನಿಮಾದವರಿಗೆ ಬಹಳ ಹಿಡಿಸಿದ ಅಚ್ಚು. ಟ್ಯೂರಿಂಗ್ ವಿಚಿತ್ರ ಮನುಷ್ಯನೇನೋ ಹೌದು. ಪರಾಗದ ಅಲರ್ಜಿ ತಡೆಯಲು ಜೂನ್ ತಿಂಗಳಲ್ಲಿ ವಿಷಾನಿಲದ ಮುಖವಾಡ ಹಾಕಿಕೊಂಡು ಸೈಕಲ್ ತುಳಿದವನು, ಚಹಾದ ಲೋಟವನ್ನು ರೇಡಿಯೇಟರಿಗೆ ಸರಪಳಿ ಹಾಕಿ ಕಟ್ಟಿದವನು. 1947ರಲ್ಲಿ ಮ್ಯಾರಥಾನನ್ನು 2 ಗಂಟೆ 46 ನಿಮಿಷದಲ್ಲಿ ಓಡಿ ಮುಗಿಸಿದವನೂ ಅವನೇ. ಆ ಮೈಕಟ್ಟಿನ, ಬಿಸಿಲಲ್ಲಿ ಬೆವರುವ, ನಗುವ ಟ್ಯೂರಿಂಗ್ ಸಿನಿಮಾದಲ್ಲಿ ಇಲ್ಲವೆಂದೇ ಹೇಳಬೇಕು. ಆದರೂ ಆ ರಾತ್ರಿ ನಾನು ತಮ್ಮನ ಪಕ್ಷವನ್ನೇ ಹಿಡಿದೆ. ಇವೆಲ್ಲ ಪರಿಣತರು ಹುಡುಕುವ ತಪ್ಪುಗಳು, ಮುಖ್ಯವಾದ ಅನ್ಯಾಯವನ್ನು ಸಿನಿಮಾ ಸರಿಯಾಗಿಯೇ ಮುಟ್ಟಿಸಿದೆ ಎಂದೆ.

ಅಪ್ಪ ಮಾತಾಡಿರಲಿಲ್ಲ. ಕೊನೆಯಲ್ಲಿ ಗೆಳೆಯರೆಲ್ಲ ಸೇರಿ ಕಾಗದಗಳನ್ನು ಬೆಂಕಿಗೆ ಹಾಕುವ ದೃಶ್ಯದ ಮೇಲೆ ಒಂದೊಂದಾಗಿ ಬರುವ ಸಾಲುಗಳನ್ನು ಮಾತ್ರ ಅವರು ಮೆಲ್ಲಗೆ, ತಂತಿ ಓದುವ ಹಾಗೆ ಪದ ಬಿಡಿಸಿ ಓದಿದ್ದರು. 1885ರಿಂದ 1967ರವರೆಗೆ ಬ್ರಿಟನ್ನಿನಲ್ಲಿ ಸುಮಾರು 49 ಸಾವಿರ ಗಂಡಸರಿಗೆ ಸಲಿಂಗ ಪ್ರೀತಿಯನ್ನು ಅಪರಾಧವೆಂದ ಕಾನೂನಿನಲ್ಲಿ ಶಿಕ್ಷೆಯಾಯಿತು ಎಂಬ ಸಾಲು ಬಂದಾಗ, "ಹದಿನೆಂಟು ನೂರ ಎಂಬತ್ತೈದು?" ಎಂದು ಕೇಳಿದರು.

"ಹೌದು ಅಪ್ಪ, ಅವರ ಕಾನೂನು ಆ ವರ್ಷ ಬಂದದ್ದು."

"ನಮ್ಮ ಟೆಲಿಗ್ರಾಫ್ ಕಾಯ್ದೆಯೂ ಅದೇ ವರ್ಷದ್ದು" ಎಂದರು. ತಂತಿಯಲ್ಲಿ ಬಂದದ್ದನ್ನು ಹೊರಗೆ ಹೇಳಿದ ನೌಕರನಿಗೆ ಮೂರು ವರ್ಷದವರೆಗೆ ಜೈಲು ಎನ್ನುವ ಕಾಯ್ದೆ ಅದು. ಕೆಲಸಕ್ಕೆ ಸೇರಿದ ದಿನ ಅದನ್ನು ಓದಿಸಿ ಸಹಿ ಹಾಕಿಸಿದ್ದರಂತೆ. ಇಷ್ಟು ಹೇಳಿ ಎದ್ದರು.

ಎದ್ದವರು ಮಲಗಲು ಹೋಗಲಿಲ್ಲ. ನೀರು ಕುಡಿಯಲು ಅಡುಗೆಮನೆಗೆ ಹೋದಾಗ ನೋಡಿದರೆ ತಾತ ಮೊಮ್ಮಗಳು ಊಟದ ಮೇಜಿನ ಮೇಲೆ ಅಂಗಡಿಯ ಉದ್ದನೆಯ ರಸೀದಿಯ ಬೆನ್ನಿನ ಮೇಲೆ ಏನೋ ಬರೆಯುತ್ತಿದ್ದರು. ಅವಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಒಂದು ಸಾಲು ಬರೆದು, ಇನ್ನೊಂದು ಚೂರು ಕಾಗದದಲ್ಲಿ 'ಬಳ್ಳಾರಿ' ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದಳು. "ತಾತ, ಈ ಸಂದೇಶದಲ್ಲಿ ಎಲ್ಲೋ ಬಳ್ಳಾರಿ ಎಂದು ಇದೆ ಎಂದು ನಮಗೆ ಗುಮಾನಿ. ಎಲ್ಲಿದೆ ಗೊತ್ತಿಲ್ಲ. ಎನಿಗ್ಮಾದಲ್ಲಿ ಒಂದು ದೊಡ್ಡ ದೋಷ ಏನೆಂದರೆ ಯಾವ ಅಕ್ಷರವೂ ಅದೇ ಅಕ್ಷರವಾಗಿ ಬರುವುದಿಲ್ಲ. ಎ ಒತ್ತಿದರೆ ಎ ಬಿಟ್ಟು ಬೇರೇನಾದರೂ ಬರುತ್ತದೆ. ಹಾಗಾದರೆ ಈ ಚೂರನ್ನು ಕೆಳಗೆ ಇಟ್ಟು ಒಂದೊಂದೇ ಮನೆ ಸರಿಸುತ್ತ ಹೋಗಿ. ಎಲ್ಲಾದರೂ ಮೇಲೆ ಕೆಳಗೆ ಒಂದೇ ಅಕ್ಷರ ಬಂದರೆ ಆ ಜಾಗ ಅಲ್ಲ."

ಅಪ್ಪ ಚೂರನ್ನು ಸರಿಸಿದರು. ಎಲ್ ಕೆಳಗೆ ಎಲ್ ಬಂತು, ಮುಂದೆ ಸರಿಸಿದರು. ಎ ಕೆಳಗೆ ಎ ಬಂತು, ಮತ್ತೆ ಸರಿಸಿದರು. ನಾಲ್ಕನೆಯ ಸಲ ಏಳು ಅಕ್ಷರಗಳೂ ಬೇರೆಬೇರೆಯಾಗಿ ಕುಳಿತವು. ಅವರ ಮುಖ ಅರಳಿತು. ಒಂದು ಯಂತ್ರವನ್ನು ಹೂಡುವ ರೀತಿಗಳ ಲೆಕ್ಕ 159ರ ಮುಂದೆ ಹದಿನೆಂಟು ಸೊನ್ನೆ ಇಟ್ಟಷ್ಟು. ಅಂಥದ್ದನ್ನು ಮುರಿಯುವ ಕೆಲಸ ಹೀಗೊಂದು ಕಾಗದದ ಚೂರು ಸರಿಸುವುದರಿಂದ ಶುರುವಾಗುತ್ತಿತ್ತು.

"ಆದರೆ ಒಳಗೆ ಇಂಥ ಪದ ಇದೆ ಎಂದು ಮೊದಲೇ ಹೇಗೆ ಗೊತ್ತಾಗುತ್ತದೆ?" ಎಂದು ನಾನು ಕೇಳಿದೆ. ಮಗು ಬಾಯಿ ತೆರೆಯುವ ಮುಂಚೆ ಅಪ್ಪನೇ ಹೇಳಿದರು: "ಹವಾಮಾನ. ದಿನಾ ಬೆಳಿಗ್ಗೆ ನಾನೂ ಹವಾಮಾನದ ತಂತಿ ಕಳಿಸುತ್ತಿದ್ದೆ. ಐದೈದು ಅಂಕಿಗಳ ಗುಂಪು, ದಿನಾ ಅದೇ ಹೊತ್ತು, ಅದೇ ಅಳತೆ. ನಿದ್ದೆಗಣ್ಣಲ್ಲೂ ಕಳಿಸಬಹುದಿತ್ತು. ಜರ್ಮನಿಯವರದ್ದೂ ಹಾಗೇ ಇರಬೇಕು. ದಿನಾ ಒಂದೇ ಥರ ಬರೆಯುವವನೇ ಗುಟ್ಟು ಬಿಟ್ಟುಕೊಡುವುದು." ಸರಿಯಾಗಿ ಹೇಳಿದ್ದರು. ಹವಾಮಾನ ವರದಿಯ ಪದಗಳು ಬ್ಲೆಚ್ಲಿಯವರಿಗೆ ಮೊದಲಿನಿಂದಲೂ ದೊಡ್ಡ ಆಸರೆ. ಸಿನಿಮಾದಲ್ಲಿ ತೋರಿಸುವ ಹಾಗೆ ಒಂದು ರಾತ್ರಿ ಬಿಯರ್ ಕುಡಿಯುವಾಗ ಥಟ್ಟನೆ ಹೊಳೆದದ್ದಲ್ಲ.

ಮರುದಿನ ಮಳೆ ಇರಲಿಲ್ಲ. ಕಾರಿನಲ್ಲಿ ಹೋಗುವಾಗ ಅಪ್ಪನಿಗೆ ಒಂದು ಸಂಗತಿ ಹೇಳಿದೆ, ಅದನ್ನು ಬೇಕೆಂದೇ ಉಳಿಸಿಕೊಂಡಿದ್ದೆ. ಟ್ಯೂರಿಂಗ್‌ನ ತಂದೆ ಜೂಲಿಯಸ್ ಮದ್ರಾಸ್ ಪ್ರಾಂತ್ಯದ ಐಸಿಎಸ್ ಅಧಿಕಾರಿ, ನೌಕರಿಯ ಆರಂಭದ ವರ್ಷಗಳಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೂ ಕೆಲಸ ಮಾಡಿದವರು. ತಾಯಿ ಹುಟ್ಟಿದ್ದು ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿ. ತಾಯಿಯ ತಂದೆ ಸ್ಟೋನಿ ಎಂಬವರು ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್, ತುಂಗಭದ್ರೆಯ ಮೇಲೆ ರೈಲು ಸೇತುವೆ ಕಟ್ಟಿಸಿದವರು. ಮಕ್ಕಳನ್ನು ಮಾತ್ರ ಇಂಗ್ಲೆಂಡಿನಲ್ಲೇ ಬೇರೆಯವರ ಮನೆಯಲ್ಲಿ ಬಿಟ್ಟು ತಂದೆ ತಾಯಿ ಇಲ್ಲಿ ಇರುತ್ತಿದ್ದರು. "ಪಾಪ, ಹುಡುಗ ಅಪ್ಪ ಅಮ್ಮ ಇಲ್ಲದೆ ಬೆಳೆದ" ಎಂದು ಅಪ್ಪ ಮರುಗಿದರೇ ಹೊರತು ಬಳ್ಳಾರಿಯ ಸಂಬಂಧಕ್ಕೆ ನಾನು ನಿರೀಕ್ಷಿಸಿದಷ್ಟು ಹಿಗ್ಗಲಿಲ್ಲ.

ಬ್ಲೆಚ್ಲಿಯ ಬಂಗಲೆ, ಕೆರೆ, ಬಾತುಕೋಳಿ, ಇವನ್ನೆಲ್ಲ ಬಣ್ಣಿಸುತ್ತ ಕೂರುವುದಿಲ್ಲ. ಮರದ ಹಟ್‌ಗಳ ಒಳಗೆ ಕಾಲಿಟ್ಟಾಗ ಆಗುವ ಅನುಭವವೇ ಬೇರೆ. ನಮ್ಮ ಕಡೆಯ ಹಳೆಯ ಸರ್ಕಾರಿ ಕಚೇರಿಗಳ ಹಾಗೆಯೇ ಇವೆ, ಕತ್ತಲೆಯ ಓಣಿ, ಇಕ್ಕಟ್ಟಿನ ಕೋಣೆ, ಒರಟು ಮೇಜು. ಎಂಟನೆಯ ಹಟ್‌ನಲ್ಲಿ ಟ್ಯೂರಿಂಗ್‌ನ ಕೋಣೆಯನ್ನು ಆಗ ಇದ್ದಂತೆ ಸಜ್ಜು ಮಾಡಿ ಇಟ್ಟಿದ್ದಾರೆ, ರೇಡಿಯೇಟರಿಗೆ ಕಟ್ಟಿದ ಲೋಟವೂ ಇದೆ. ಕುದುರೆಲಾಯದ ಅಂಗಳದಲ್ಲಿ ಪೋಲೆಂಡಿನ ಆ ಮೂವರ ಸ್ಮಾರಕವಿದೆ, ತೆರೆದ ಪುಸ್ತಕದ ಆಕಾರದಲ್ಲಿ. ಮಗು ಅದರ ಫೋಟೊ ತೆಗೆದು ಗೆಳತಿಗೆ ಕಳಿಸಿದಳು.

ಪಕ್ಕದಲ್ಲೇ ಇರುವ ಕಂಪ್ಯೂಟರ್ ಮ್ಯೂಸಿಯಂ ಬೇರೆ ಸಂಸ್ಥೆ, ಟಿಕೆಟ್ಟೂ ಬೇರೆ. ಅಲ್ಲಿ ಎನಿಗ್ಮಾ ಸಂಕೇತ ಒಡೆಯಲು ಬಳಸಿದ 'ಬಾಂಬ್' ಎಂಬ ಯಂತ್ರದ ಮರುನಿರ್ಮಾಣ ಇದೆ. ಸಿನಿಮಾದಲ್ಲಿ ಟ್ಯೂರಿಂಗ್ ಒಬ್ಬನೇ ಕೈಯಾರೆ ತಂತಿ ಜೋಡಿಸಿ, ಸತ್ತ ಬಾಲ್ಯದ ಗೆಳೆಯ ಕ್ರಿಸ್ಟೋಫರ್‌ನ ಹೆಸರಿಟ್ಟು ಮುದ್ದು ಮಾಡುವ ಯಂತ್ರ ಇದೇ. ನಿಜದಲ್ಲಿ ಮೊದಲ ಯಂತ್ರದ ಹೆಸರು 'ವಿಕ್ಟರಿ', 1940ರ ಮಾರ್ಚ್‌ನಲ್ಲಿ ಬಂತು. ಲೆಚ್‌ವರ್ತ್‌ನ ಕಾರ್ಖಾನೆಯಲ್ಲಿ ಹೆರಾಲ್ಡ್ ಕೀನ್ ಎಂಬ ಎಂಜಿನಿಯರ್‌ನ ತಂಡ ಕಟ್ಟಿದ್ದು. ವೆಲ್ಚ್‌ಮನ್ ಸೂಚಿಸಿದ ಒಂದು ಜೋಡಣೆ ಸೇರಿದ ಮೇಲೆಯೇ ಅದಕ್ಕೆ ನಿಜವಾದ ವೇಗ ಬಂದದ್ದು. ಯುದ್ಧ ಮುಗಿಯುವ ಹೊತ್ತಿಗೆ ಅಂಥ ಇನ್ನೂರಕ್ಕೂ ಹೆಚ್ಚು ಯಂತ್ರಗಳು ಓಡುತ್ತಿದ್ದವು, ಓಡಿಸುತ್ತಿದ್ದವರು ನೌಕಾಪಡೆಯ ಹೆಣ್ಣುಮಕ್ಕಳು. ಆಳೆತ್ತರದ ಕಪಾಟಿನ ಮುಖದ ಮೇಲೆ 108 ಉರುಳೆಗಳು. ಸ್ವಯಂಸೇವಕಿಯೊಬ್ಬರು ಗುಂಡಿ ಒತ್ತಿದರು. ಅದು ಶುರುವಾದಾಗ ಅಪ್ಪ ಕಣ್ಣು ಮುಚ್ಚಿಕೊಂಡರು. ಹತ್ತಿಪ್ಪತ್ತು ಸೌಂಡರ್‌ಗಳನ್ನು ಒಂದೇ ಕೋಣೆಯಲ್ಲಿ ಬಿಟ್ಟ ಹಾಗಿದೆ ಎಂದು ಆಮೇಲೆ ಹೇಳಿದರು. ಉರುಳೆಗಳು ಓಡಿ ಓಡಿ ಒಮ್ಮೆಲೇ ನಿಂತವು. ಸಿನಿಮಾದಲ್ಲಾದರೆ ನಿಂತದ್ದೇ ಗೆಲುವು, ಎಲ್ಲರೂ ಕುಣಿಯುತ್ತಾರೆ. ಇಲ್ಲಿ ನಿಂತರೆ ಅರ್ಥ 'ಇದು ಇರಬಹುದು' ಎಂದಷ್ಟೇ, ಅದನ್ನು ಬರೆದುಕೊಂಡು ಇನ್ನೊಂದು ಯಂತ್ರದಲ್ಲಿ ಪರೀಕ್ಷಿಸಬೇಕು, ಅಲ್ಲವೆಂದಾದರೆ ಮತ್ತೆ ಓಡಿಸಬೇಕು. ಹೀಗೆ ಹಗಲು ರಾತ್ರಿ, ಐದು ವರ್ಷಕ್ಕೂ ಹೆಚ್ಚು.

ಮಧ್ಯಾಹ್ನ ಕೆರೆಯ ಪಕ್ಕದ ಬೆಂಚಿನ ಮೇಲೆ ತಂದಿದ್ದ ಚಪಾತಿ ಪಲ್ಯ ತಿಂದೆವು. ತಮ್ಮ, ಅವನ ಹೆಂಡತಿ, ಮಗು ಬಂಗಲೆಯೊಳಗೆ ಹೋದರು. ಅಪ್ಪ ಕಾಲು ನೋಯುತ್ತದೆ ಎಂದು ಕುಳಿತರು, ನಾನು ಜೊತೆಗಿದ್ದೆ. ಒಳಗೆ ನೋಡಿದ ಟ್ಯೂರಿಂಗ್‌ನ ಪ್ರತಿಮೆಯ ಬಗ್ಗೆ ಮಾತಾಡುತ್ತಿದ್ದೆ, ಕರಿಯ ಸ್ಲೇಟು ಕಲ್ಲಿನ ಲಕ್ಷಾಂತರ ತುಂಡುಗಳನ್ನು ಪೇರಿಸಿ ಮಾಡಿದ್ದು. ಅಪ್ಪ ನಡುವೆ ಬಾಯಿ ಹಾಕಿದರು.

"ಆ ಗೂಢಚಾರನ ಕತೆ ನಿಜವೇ?"

ಯಾವುದೆಂದು ನನಗೆ ಕೂಡಲೇ ತಿಳಿಯಿತು. ಸಿನಿಮಾದಲ್ಲಿ ಟ್ಯೂರಿಂಗ್‌ಗೆ ತನ್ನ ತಂಡದ ಜಾನ್ ಕೆರ್ನ್‌ಕ್ರಾಸ್ ಸೋವಿಯತ್ ಗೂಢಚಾರ ಎಂದು ತಿಳಿಯುತ್ತದೆ. ಆತ, ನನ್ನ ಗುಟ್ಟು ಹೇಳಿದರೆ ನೀನು ಗಂಡಸರನ್ನು ಪ್ರೀತಿಸುವವನು ಎಂಬ ಗುಟ್ಟನ್ನು ನಾನೂ ಹೇಳುತ್ತೇನೆ ಎಂದು ಬೆದರಿಸುತ್ತಾನೆ. ಟ್ಯೂರಿಂಗ್ ಹೆದರಿ ಸುಮ್ಮನಾಗುತ್ತಾನೆ.

"ಕೆರ್ನ್‌ಕ್ರಾಸ್ ಗೂಢಚಾರ ಎನ್ನುವುದು ನಿಜ. ಆದರೆ ಅವನು ಟ್ಯೂರಿಂಗ್‌ನ ತಂಡದವನಲ್ಲ. ಬೆದರಿಕೆ, ಮುಚ್ಚಿಟ್ಟದ್ದು, ಎಲ್ಲವೂ ಕಟ್ಟುಕತೆ" ಎಂದೆ. "ಸಿನಿಮಾಕ್ಕೆ ಸ್ವಲ್ಪ ಕುತೂಹಲ ಬೇಕಲ್ಲ ಅಪ್ಪ."

ಅಪ್ಪ ಬಹಳ ಹೊತ್ತು ಕೆರೆಯನ್ನು ನೋಡಿದರು. ಆಮೇಲೆ ನಿಧಾನವಾಗಿ ಹೇಳತೊಡಗಿದರು. ನಮ್ಮ ಐವತ್ತು ಚಿಲ್ಲರೆ ವರ್ಷಗಳ ಒಡನಾಟದಲ್ಲಿ ಅವರು ಒಮ್ಮೆಯೂ ಹೇಳದಿದ್ದ ವಿಷಯ.

ಎಪ್ಪತ್ತರ ದಶಕ. ಅಪ್ಪ ಇದ್ದದ್ದು ಒಂದೂರಿನಲ್ಲಿ, ಲೈನಿನ ಆ ಕೊನೆಗೆ ಇನ್ನೊಂದೂರು. ಊರುಗಳ ಹೆಸರು ಹೇಳಲಿಲ್ಲ, ನಾನು ಕೇಳಲಿಲ್ಲ. ಆ ಕಡೆ ರಾತ್ರಿ ಪಾಳಿಗೆ ಕೂರುತ್ತಿದ್ದವನ ಕೈ ಅಪ್ಪನಿಗೆ ಬಹಳ ಇಷ್ಟ. ಸ್ವಚ್ಛವಾದ ಕೈ, ಒಂದು ಪದವನ್ನೂ ಮರಳಿ ಕೇಳಬೇಕಾಗಿರಲಿಲ್ಲ. ಸಂದೇಶ ಮುಗಿಸಿ ತನ್ನ ಗುರುತಿನ ಎರಡಕ್ಷರ ಒತ್ತುವಾಗ ಕೊನೆಯ ಗೆರೆಯನ್ನು ಒಂಚೂರು ಎಳೆಯುತ್ತಿದ್ದ. ಲೈನು ಬಿಡುವಾಗಿದ್ದಾಗ ಮಳೆ, ಬೆಳೆ, ಊಟ ಎಂದು ನಾಲ್ಕು ಮಾತು ಆಗುತ್ತಿತ್ತು. ನಮ್ಮಣ್ಣ ಹುಟ್ಟಿದ ಸುದ್ದಿಯನ್ನು ಅಜ್ಜಿಯ ಊರಿನಿಂದ ಬಂದ ತಂತಿಯಲ್ಲಿ ಅಪ್ಪನಿಗೆ ದಾಟಿಸಿದ್ದು ಅದೇ ಕೈ. ಮಾಮೂಲಿ ವೇಗಕ್ಕಿಂತ ಎಷ್ಟೋ ನಿಧಾನವಾಗಿ, ಪ್ರತಿ ಅಕ್ಷರವನ್ನೂ ಬಿಡಿಸಿ ಬಿಡಿಸಿ ಕಳಿಸಿದನಂತೆ. ಆರು ವರ್ಷ. ಒಮ್ಮೆಯೂ ಮುಖ ನೋಡಿರಲಿಲ್ಲ.

ಆ ಮನುಷ್ಯ ಒಬ್ಬ ಮೇಷ್ಟರ ಜೊತೆ ಒಂದೇ ಮನೆಯಲ್ಲಿ ಇರುತ್ತಿದ್ದ. ಯಾರೋ ಮೂಗರ್ಜಿ ಬರೆದರು. ಅರ್ಜಿಯಲ್ಲಿ ಅವರಿಬ್ಬರ ಬಗ್ಗೆ ಬರೆದದ್ದು ಎರಡೇ ಸಾಲು. ಉಳಿದದ್ದೆಲ್ಲ ಇನ್ನೊಂದು ವಾದ: ಇಂಥವನ ಕೈಯಲ್ಲಿ ಊರವರ ತಂತಿಗಳಿವೆ, ಇಂಥ ಗುಟ್ಟು ಇಟ್ಟುಕೊಂಡವನನ್ನು ಯಾರು ಬೇಕಾದರೂ ಹೆದರಿಸಿ ಯಾರ ತಂತಿ ಬೇಕಾದರೂ ತಿಳಿದುಕೊಳ್ಳಬಹುದು. ವಿಚಾರಣೆಗೆಂದು ಬಂದ ಅಧಿಕಾರಿ ಅಪ್ಪನನ್ನೂ ಕರೆಸಿದರು. ನೀವು ಇಷ್ಟು ವರ್ಷ ಅವನ ಜೊತೆ ಲೈನಿನಲ್ಲಿದ್ದೀರಿ, ಅವನು ಯಾವತ್ತಾದರೂ ತಂತಿಯ ವಿಷಯ ಹೊರಗೆ ಬಿಟ್ಟದ್ದುಂಟೇ ಎಂದು ಕೇಳಿದರು.

"ಇಲ್ಲ ಎಂದು ನನಗೆ ಗೊತ್ತಿತ್ತು" ಎಂದರು ಅಪ್ಪ. "ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವನು ನಿಯಮ ಮೀರಿದವನೇ ಅಲ್ಲ. ಆದರೆ ಇಲ್ಲ ಎಂದರೆ, ನಿನಗೆ ಅವನ ಮೇಲೆ ಅಷ್ಟು ಭರವಸೆ ಯಾಕೆ ಎಂದು ಕೇಳುತ್ತಾರೇನೋ ಎಂದು ಭಯವಾಯಿತು. ಮನೆಯಲ್ಲಿ ನಿಮ್ಮಮ್ಮ, ಕೈಗೂಸು. ನನಗೆ ಗೊತ್ತಿಲ್ಲ ಸಾರ್ ಎಂದುಬಿಟ್ಟೆ."

ತಿಂಗಳೊಳಗೆ ಒಂದು ರಾತ್ರಿ ಆ ಕಡೆಯಿಂದ ಬೇರೆ ಕೈ ಬಂತು. ಅವಸರದ, ತಪ್ಪು ತಪ್ಪಾದ ಕೈ. ಹಳಬ ಎಲ್ಲಿ ಎಂದು ಅಪ್ಪ ಲೈನಿನಲ್ಲಿ ಕೇಳಿದರು. ರಾಜೀನಾಮೆ ಎಂದು ಒಂದೇ ಪದ ಬಂತು.

"ನಿನ್ನೆ ನೀವೆಲ್ಲ ಅಷ್ಟು ತಪ್ಪುಗಳನ್ನು ಎಣಿಸಿದಿರಿ" ಎಂದರು. "ಯಂತ್ರಕ್ಕೆ ಯಾವ ಹೆಸರಾದರೂ ಇಡಲಿ. ಪತ್ರ ಒಬ್ಬನೇ ಬರೆದ ಎನ್ನಲಿ. ಆದರೆ ಆ ಗೂಢಚಾರನ ಕತೆಯನ್ನು ಅವನ ತಲೆಗೆ ಕಟ್ಟಬಾರದಿತ್ತು. ಮೂಗರ್ಜಿಯಲ್ಲಿ ಇದ್ದದ್ದೂ ಅದೇ ಕತೆ."

ನನಗೆ ಏನು ಹೇಳಲೂ ತೋಚಲಿಲ್ಲ. ಎರಡು ಸಲ ನೋಡಿ, ಹತ್ತು ವರ್ಷ ಸಮರ್ಥಿಸಿಕೊಂಡು ಬಂದ ಸಿನಿಮಾ ಕಣ್ಣೆದುರಿಗೇ ಬೇರೆಯಾಗಿಬಿಟ್ಟಿತ್ತು. 1952ರಲ್ಲಿ ಟ್ಯೂರಿಂಗ್ ತನ್ನ ಮನೆಯಲ್ಲಿ ಕಳವಾಯಿತೆಂದು ತಾನೇ ಪೊಲೀಸರಿಗೆ ದೂರು ಕೊಟ್ಟ. ಅವರು ಕಳವಿನ ಬದಲು ಅವನ ಪ್ರೀತಿಯನ್ನು ಹಿಡಿದರು. ಅವನು ಅಡಗಿಸಲಿಲ್ಲ, ಒಪ್ಪಿಕೊಂಡ. ಜೈಲಿನ ಬದಲು ಒಂದು ವರ್ಷ ಹಾರ್ಮೋನ್ ಚಿಕಿತ್ಸೆ. ಆಮೇಲೆ ಸರ್ಕಾರದ ಗುಪ್ತ ಕೆಲಸದಿಂದ ಅವನನ್ನು ದೂರ ಇಟ್ಟರು, ಇಂಥವರನ್ನು ನಂಬಲಾಗದು ಎಂಬುದೇ ಕಾರಣ. ಯುದ್ಧವಿಡೀ ಅತಿ ದೊಡ್ಡ ಗುಟ್ಟನ್ನು ಹೊತ್ತು, ಹೆತ್ತ ತಾಯಿಗೂ ಹೇಳದೆ 1954ರ ಜೂನ್ 7ರಂದು ನಲವತ್ತೊಂದನೆಯ ವಯಸ್ಸಿಗೆ ಸತ್ತವನು ಅವನು. ಮಗನ ಜೀವನಚರಿತ್ರೆ ಬರೆದ ಆ ತಾಯಿಗೆ, ಪುಸ್ತಕ ಬರೆಯುವಾಗಲೂ ಅವನು ಯುದ್ಧಕಾಲದಲ್ಲಿ ಮಾಡಿದ್ದೇನೆಂದು ತಿಳಿದಿರಲಿಲ್ಲ. ಅಂಥವನನ್ನು, ತನ್ನ ಗುಟ್ಟಿಗೆ ಹೆದರಿ ದೇಶದ ಗುಟ್ಟು ಸೋರುವುದನ್ನು ನೋಡುತ್ತ ಕುಳಿತವನೆಂದು, ಅವನ ಪರವಾಗಿ ತೆಗೆದ ಸಿನಿಮಾವೇ ತೋರಿಸಿತು. ಅವನನ್ನು ದೂರವಿಟ್ಟವರ ವಾದಕ್ಕೆ ಅವನ ಅಭಿಮಾನಿಗಳೇ ಸಾಕ್ಷಿ ಹೇಳಿದಂತಾಯಿತು. ಅದು ಬರಿಯ ಕುತೂಹಲಕ್ಕೆ ಸೇರಿಸಿದ ಮಸಾಲೆ ಎಂದು ಇನ್ನು ಮುಂದೆ ನಾನು ಹೇಳಲಾರೆ.

2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 377ನೆಯ ಕಲಮಿನ ಆ ಭಾಗವನ್ನು ತೆಗೆದುಹಾಕಿದ ಮರುದಿನ ಅಪ್ಪ ಪತ್ರಿಕೆಯನ್ನು ಸಂಜೆಯವರೆಗೂ ಕೈಬಿಡದೆ ಓದಿದ್ದು ನನಗೆ ಆಗ ನೆನಪಾಯಿತು. ಅವತ್ತು ಅವರಿಗೆ ಕಾನೂನಿನಲ್ಲಿ ಆಸಕ್ತಿ ಬಂದಿದೆ ಎಂದುಕೊಂಡಿದ್ದೆ.

ಸಂಜೆ ಹೊರಡುವಾಗ, ಬಾಗಿಲ ಹತ್ತಿರವೇ ಹವ್ಯಾಸಿ ರೇಡಿಯೊದವರ ಒಂದು ಕೇಂದ್ರ ಕಣ್ಣಿಗೆ ಬಿತ್ತು. ಒಳಗೆ ಮೇಜಿನ ಮೇಲೆ ಹಿತ್ತಾಳೆಯ ಮೋರ್ಸ್ ಕೀ. ಅಲ್ಲಿದ್ದ ಬಿಳಿಗಡ್ಡದ ಸ್ವಯಂಸೇವಕರು ಮಕ್ಕಳಿಗೆ ಅವರವರ ಹೆಸರು ಒತ್ತುವುದನ್ನು ಕಲಿಸುತ್ತಿದ್ದರು. ಮಗು ಓಡಿಹೋಗಿ, ನನ್ನ ತಾತ ತಂತಿ ಕಚೇರಿಯಲ್ಲಿದ್ದವರು ಎಂದು ಹೇಳಿಬಿಟ್ಟಳು. ಅವರು ಎದ್ದು ತಮ್ಮ ಕುರ್ಚಿಯನ್ನೇ ಅಪ್ಪನಿಗೆ ಬಿಟ್ಟುಕೊಟ್ಟರು.

ಅಪ್ಪ ಕುಳಿತು ಮೊದಲು ಕೀಯ ತಿರುಪನ್ನು ಸ್ವಲ್ಪ ಸಡಿಲಿಸಿಕೊಂಡರು. ಮಣಿಕಟ್ಟು ಮೇಜಿನಿಂದ ಎತ್ತಿ, ಬೆರಳು ಇಟ್ಟರು. ಮೊದಲ ಕೆಲವು ಅಕ್ಷರಗಳು ತಡವರಿಸಿದವು. ಬಳಿಕ ಕೈ ದಾರಿ ಹಿಡಿಯಿತು. ಗಡ್ಡದವರು ಪೆನ್ಸಿಲ್ ತೆಗೆದು ಚೀಟಿಯ ಮೇಲೆ ಬರೆದುಕೊಳ್ಳತೊಡಗಿದರು, ಅಪ್ಪನ ಹೆಸರು, ಬಳ್ಳಾರಿ, ಇಂಡಿಯಾ. ನಿಮ್ಮ ಕೈ ಬಹಳ ಚೆನ್ನಾಗಿದೆ ಎಂದು ಅವರು ಹೇಳಿದ್ದನ್ನು ಮಗು ತಾತನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದಳು.

ಅಪ್ಪ ತಲೆ ಆಡಿಸಿ ಕೈ ತೆಗೆದರು. ಮತ್ತೆ ಇಟ್ಟರು. ಮೂರು ಚುಕ್ಕೆ. ಒಂದು ಚುಕ್ಕೆ, ಒಂದು ಗೆರೆ. ಆ ಕೊನೆಯ ಗೆರೆ ಒಂಚೂರು ಉದ್ದವಾಯಿತು.

ಗಡ್ಡದವರು ಚೀಟಿಯಲ್ಲಿ ಎಸ್, ಎ ಎಂದು ಬರೆದು, ಇದು ಯಾರು ಎನ್ನುವ ಹಾಗೆ ಹುಬ್ಬು ಏರಿಸಿ ನನ್ನ ಕಡೆ ನೋಡಿದರು. ಅಪ್ಪ ಕೀಯ ಮೇಲಿನ ಬೆರಳು ತೆಗೆಯದೆ, ಕುತ್ತಿಗೆ ಒಂದಿಷ್ಟು ಬಾಗಿಸಿ, ಕಿವಿಗೊಟ್ಟು ಕುಳಿತಿದ್ದರು.